ಕ್ಷಮಿಸುವ ಹಕ್ಕು ಯಾರದು?

ಗಂಡ ಹೆಂಡತಿಗೆ ಹೊಡೆದರೆ ಅದಕ್ಕೊಂದು ಹೆಸರಿದೆ. ಅತ್ತೆ ಸೊಸೆಗೆ ಕೊಡುವ ಕಾಟಕ್ಕೆ ಹೆಸರಿದೆ, ಕಾನೂನಿದೆ, ಬೇಕಾದಷ್ಟು ಧಾರಾವಾಹಿಗಳೂ ಇವೆ. ಮೇಷ್ಟ್ರು ಹುಡುಗನಿಗೆ ಹೊಡೆದರೆ ಪೇಪರಿನಲ್ಲಿ ಬರುತ್ತದೆ. ಹದಿನಾರು ವರ್ಷದ ಮಗ ತಾಯಿಗೆ ಹೊಡೆದರೆ ಏನೆನ್ನುತ್ತೇವೆ? ‘ಅವನಿಗೆ ಸ್ವಲ್ಪ ಸಿಟ್ಟು ಜಾಸ್ತಿ’ ಎನ್ನುತ್ತೇವೆ. ‘ವಯಸ್ಸೇ ಹಾಗೆ’ ಎನ್ನುತ್ತೇವೆ. ಹೆಸರೇ ಇಲ್ಲದ ಸಂಗತಿಯನ್ನು ಯಾರಿಗಾದರೂ ಹೇಳುವುದು ಕಷ್ಟ. ಹೇಳಲು ಬಾಯಿ ತೆರೆದವಳು ಅರ್ಧಕ್ಕೇ ‘ಇಲ್ಲ ಬಿಡಿ, ಅಂಥದ್ದೇನಿಲ್ಲ’ ಎಂದು ಮುಚ್ಚಿಬಿಡುತ್ತಾಳೆ.

ಇದು ನಮ್ಮೊಬ್ಬರದೇ ಕಥೆಯಲ್ಲ. 1979ರಲ್ಲಿ ಅಮೆರಿಕದ ಹಾರ್ಬಿನ್ ಮತ್ತು ಮ್ಯಾಡನ್ ಎಂಬ ಇಬ್ಬರು ಸಂಶೋಧಕರು ಪೆಟ್ಟು ತಿನ್ನುವ ತಂದೆತಾಯಂದಿರ ಬಗ್ಗೆ ಒಂದು ಮನೋವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಈ ಮನೆಗಳು ಏನೂ ಆಗಿಲ್ಲವೆಂಬಂತೆ ನಡೆದುಕೊಳ್ಳುವುದನ್ನು ಅವರು ಆಗಲೇ ಗುರುತಿಸಿದ್ದರು. ಲಂಡನ್ನಿನ ಮೆಟ್ರೋಪಾಲಿಟನ್ ಪೊಲೀಸರ ಕಡತಗಳಲ್ಲಿ 2009–10ರ ಒಂದೇ ವರ್ಷದಲ್ಲಿ, 13ರಿಂದ 19 ವಯಸ್ಸಿನ ಮಕ್ಕಳು ಹೆತ್ತವರ ಮೇಲೆ ನಡೆಸಿದ ಹಿಂಸೆಯ 1,892 ಪ್ರಕರಣಗಳು ಸಿಕ್ಕವು. ಆರೋಪಿಗಳಲ್ಲಿ ಶೇಕಡ 87 ಗಂಡುಮಕ್ಕಳು, ಪೆಟ್ಟು ತಿಂದವರಲ್ಲಿ ಶೇಕಡ 77 ಹೆಂಗಸರು. ಪೊಲೀಸರವರೆಗೆ ಹೋದ ಲೆಕ್ಕ ಮಾತ್ರ ಇದು. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತವರ ಲೆಕ್ಕ ಯಾವ ಊರಿನ ಪೊಲೀಸರಲ್ಲೂ ಇರುವುದಿಲ್ಲ.

ಪುಣೆಯಲ್ಲಿ ನನಗೆ ಹತ್ತು ವರ್ಷದಿಂದ ಗೊತ್ತಿರುವ ಒಂದು ಕುಟುಂಬವಿದೆ. ಹಾವೇರಿ ಕಡೆಯವರು. ಅಪ್ಪ ನನ್ನ ಹಾಗೇ ಸಾಫ್ಟ್‌ವೇರ್, ಅಮ್ಮ ಬ್ಯಾಂಕಿನಲ್ಲಿ. ಹನ್ನೊಂದನೆಯ ಕ್ಲಾಸಿನ ಮಗ, ಏಳನೆಯ ಕ್ಲಾಸಿನ ಮಗಳು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ನಾಲ್ವರ ಒಪ್ಪಿಗೆಯೂ ಇದೆ, ಹುಡುಗನದ್ದೂ ಸೇರಿ. ಅವನ ಒಪ್ಪಿಗೆ ಯಾಕೆ ಮುಖ್ಯ ಎಂಬುದು ಮುಂದೆ ಬರುತ್ತದೆ.

ಶುರುವಾದದ್ದು ವೈಫೈನಿಂದ. ರಾತ್ರಿ ಹನ್ನೊಂದಕ್ಕೆ ರೌಟರ್ ಆರಿಸಬೇಕು ಎಂಬ ನಿಯಮ. ಮೊದಲು ಬಾಗಿಲು ಒದ್ದ. ಆಮೇಲೆ ರಿಮೋಟ್ ಎಸೆದ, ಟೀವಿಯ ಗಾಜು ಸೀಳಿತು. ಆಮೇಲೆ ರೌಟರ್ ಹಿಡಿದುಕೊಂಡಿದ್ದ ತಾಯಿಯ ಕೈ ತಿರುವಿದ. ಒಂದು ವರ್ಷದೊಳಗೆ ಬೆಡ್‌ರೂಮಿನ ಬಾಗಿಲನ್ನು ಬಡಗಿ ಮೂರು ಸಲ ರಿಪೇರಿ ಮಾಡಿದ. ಮೂರನೆಯ ಸಲ ಅವನೇ, ‘ಭಾಭೀ, ಈಗ ಹೊಸದನ್ನೇ ಹಾಕಿಸಿಬಿಡಿ’ ಅಂದನಂತೆ. ಏಪ್ರಿಲ್ ತಿಂಗಳ ಪುಣೆಯ ಬಿಸಿಲಲ್ಲಿ ಆಕೆ ತುಂಬುತೋಳಿನ ಕುರ್ತಾ ಹಾಕಿಕೊಂಡು ಕೌಂಟರಿನಲ್ಲಿ ಕೂತರು. ಮಗಳು ಹೋಮ್‌ವರ್ಕನ್ನು ಬಾತ್‌ರೂಮಿನಲ್ಲಿ ಕೂತು ಮಾಡತೊಡಗಿದಳು. ಚಿಲಕ ಗಟ್ಟಿಯಿದ್ದ ಕೋಣೆ ಅದೊಂದೇ.

ಆ ವರ್ಷದ ರಾಜ್ಯೋತ್ಸವಕ್ಕೂ ನಾಲ್ವರೂ ಬಂದಿದ್ದರು. ಹುಡುಗ ಕುರ್ಚಿ ಹೊತ್ತು ಸಾಲಾಗಿ ಹಾಕಿದ, ಹಿರಿಯರಿಗೆ ನೀರು ಕೊಟ್ಟ. ಎಂಥಾ ಸಭ್ಯ ಹುಡುಗ ಅಂತ ನಾವೆಲ್ಲ ಮಾತಾಡಿಕೊಂಡೆವು.

ವಿಷಯ ಒಬ್ಬಿಬ್ಬರಿಗೆ ತಿಳಿದ ಮೇಲೆ ಆದದ್ದನ್ನು ಕೇಳಿ. ತಿಳಿದವರೆಲ್ಲ ಕಾರಣ ಹುಡುಕಲು ಕೂತರು. ಅಪ್ಪ ಎರಡು ವರ್ಷ ಆನ್‌ಸೈಟ್ ಇದ್ದದ್ದು ಕಾರಣ. ಅಮ್ಮ ಕೆಲಸಕ್ಕೆ ಹೋಗುವುದು ಕಾರಣ. ಮೊಬೈಲು. ಜೆಇಇ ಕೋಚಿಂಗು. ಮನೆಯಲ್ಲಿ ಕನ್ನಡ, ಕ್ಲಾಸಿನಲ್ಲಿ ಇಂಗ್ಲಿಷು, ಗ್ರೌಂಡಿನಲ್ಲಿ ಮರಾಠಿ, ಪಾಪ ಅವನಿಗೆ ಬೇರೇ ಇಲ್ಲ ಎಂದರು ಒಬ್ಬ ಸಾಹಿತ್ಯಾಸಕ್ತರು. ಊರಿನ ಅಜ್ಜಿ ಫೋನಿನಲ್ಲಿ, ‘ಇವನ ಅಜ್ಜನ ಸಿಟ್ಟು ಇವಗ ಬಂದೈತಿ, ಏನ್ ಮಾಡೂದು’ ಎಂದರು. ಎಲ್ಲದರಲ್ಲೂ ಒಂದೊಂದು ಪಾವು ನಿಜ ಇರಬಹುದು. ಆದರೆ ಇಷ್ಟೆಲ್ಲ ಚರ್ಚೆ ನಡೆಯುವಾಗ ಏಳನೆಯ ಕ್ಲಾಸಿನ ಹುಡುಗಿ ಇನ್ನೂ ಬಾತ್‌ರೂಮಿನಲ್ಲೇ ಕೂತಿದ್ದಳು.

ನಮ್ಮ ಕಸುಬಿನಲ್ಲಿ ಇದಕ್ಕೊಂದು ಪಾಠವಿದೆ. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದರೆ ಮೊದಲು ಸರ್ವಿಸ್ ಎತ್ತಿ ನಿಲ್ಲಿಸುತ್ತೇವೆ. ಮೂಲ ಕಾರಣದ ಮೀಟಿಂಗು ನಾಳಿದ್ದು ಬೆಳಿಗ್ಗೆ. ಆ ಮೀಟಿಂಗಿನಲ್ಲೂ ‘ಯಾರು ಮಾಡಿದ್ದು’ ಎಂಬ ಪ್ರಶ್ನೆಗೆ ಪ್ರವೇಶವಿಲ್ಲ, ಏಕೆಂದರೆ ಆ ಪ್ರಶ್ನೆ ಬಂದ ಕ್ಷಣ ಜನ ಸುಳ್ಳು ಹೇಳತೊಡಗುತ್ತಾರೆ. ಮನೆಗಳಲ್ಲಿ ನಾವು ಉಲ್ಟಾ ಮಾಡುತ್ತೇವೆ. ಬೆಂಕಿ ಉರಿಯುತ್ತಿರುವಾಗಲೇ ಬೆಂಕಿಪೆಟ್ಟಿಗೆ ತಂದವರಾರು ಎಂಬ ವಿಚಾರಣೆ ಶುರು. ವಿಚಾರಣೆಯ ಹೆದರಿಕೆಗೆ ತಾಯಿ ‘ಬೆಂಕಿಯೇ ಇಲ್ಲ’ ಎನ್ನುತ್ತಾಳೆ. ಅವಳನ್ನು ಸುಮ್ಮನಾಗಿಸಿದ್ದರಲ್ಲಿ ಮಗನ ಕೈ ಎಷ್ಟು, ನೆಂಟರ ನಾಲಿಗೆ ಎಷ್ಟು ಎಂದು ಲೆಕ್ಕ ಹಾಕಿದರೆ ನಾಲಿಗೆಯ ಪಾಲೇ ಹೆಚ್ಚು ಬಂದೀತು.

ಹಾಗೆಂದು ಕಾರಣಗಳನ್ನು ನೋಡಲೇಬಾರದೆಂದಲ್ಲ. ಹದಿವಯಸ್ಸಿನಲ್ಲಿ ಖಿನ್ನತೆ ಎಷ್ಟೋ ಸಲ ಅಳುವಾಗಿ ಬರದೆ ಸಿಡುಕಾಗಿ ಬರುತ್ತದೆ ಎಂಬುದು ವೈದ್ಯರಿಗೆಲ್ಲ ಗೊತ್ತಿರುವ ಸಂಗತಿ. ಗಾಂಜಾ, ಕುಡಿತ, ಎಲ್ಲೋ ಯಾರಿಂದಲೋ ಆದ ಕಿರುಕುಳ, ಗಮನ ನಿಲ್ಲದ ತೊಂದರೆ, ಇವುಗಳಲ್ಲಿ ಯಾವುದಾದರೂ ಹಿಂದೆ ಇರಬಹುದು. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನವರಲ್ಲಿ ಶೇಕಡ 7.3ರಷ್ಟು ಮಕ್ಕಳಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡುಬಂದಿತ್ತು. ಹಾಗಾಗಿ ಡಾಕ್ಟರಿಗೆ ತೋರಿಸಲೇಬೇಕು. ಈ ಹುಡುಗನನ್ನೂ ತೋರಿಸಿದರು. ಸಣ್ಣ ಖಿನ್ನತೆ ಇತ್ತು, ಚಿಕಿತ್ಸೆ ಶುರುವಾಯಿತು. ಅಪ್ಪನಿಗೆ ಒಂದು ರೀತಿಯ ನಿರಾಳ: ‘ಅವನ ತಪ್ಪಲ್ಲ, ಅದು ಕಾಯಿಲೆ.’

ಇಲ್ಲಿಯೇ ನಾನು ತಡೆದು ನಿಲ್ಲುವುದು. ಕಾರಣಕ್ಕೂ ನೆಪಕ್ಕೂ ನಡುವೆ ಒಂದು ಗೆರೆಯಿದೆ, ಪ್ರೀತಿ ಇರುವ ಮನೆಗಳಲ್ಲಿ ಅದು ಬೇಗ ಅಳಿಸಿಹೋಗುತ್ತದೆ. ಆಕ್ಸ್‌ಫರ್ಡಿನ ತತ್ತ್ವಜ್ಞಾನಿ ಪಿ. ಎಫ್. ಸ್ಟ್ರಾಸನ್ 1962ರಲ್ಲಿ ಸ್ವಾತಂತ್ರ್ಯ ಮತ್ತು ಅಸಮಾಧಾನದ ಬಗ್ಗೆ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಒಂದು ವ್ಯತ್ಯಾಸ ತೋರಿಸುತ್ತಾನೆ. ಇನ್ನೊಬ್ಬ ಮನುಷ್ಯನನ್ನು ನಾವು ಎರಡು ಥರ ನೋಡಬಹುದು. ಒಂದು, ಅವನ ಮೇಲೆ ಸಿಟ್ಟಾಗುವ, ಅವನಿಂದ ನೊಂದುಕೊಳ್ಳುವ, ಅವನನ್ನು ಕ್ಷಮಿಸುವ ಸಂಬಂಧ. ಇನ್ನೊಂದು, ಅವನನ್ನು ನಿಭಾಯಿಸಬೇಕಾದ, ಸರಿಪಡಿಸಬೇಕಾದ ವಸ್ತುವಿನ ಹಾಗೆ ದೂರದಿಂದ ನೋಡುವುದು. ಮಕ್ಕಳನ್ನು ಬೆಳೆಸುವವರು ಈ ಎರಡರ ನಡುವೆ ಸದಾ ಓಲಾಡುತ್ತಿರುತ್ತಾರೆ ಎಂಬುದನ್ನೂ ಅವನು ಗಮನಿಸಿದ್ದಾನೆ. ಎರಡು ವರ್ಷದ ಕೂಸು ಕೆನ್ನೆಗೆ ಬಾರಿಸಿದರೆ ನಗುತ್ತೇವೆ. ಇಪ್ಪತ್ತೈದರ ಮಗ ಬಾರಿಸಿದರೆ ಹೊರಗೆ ಹಾಕುತ್ತೇವೆ. ಹದಿನಾರು ಎಂಬುದು ನಡುವಿನ ಓಣಿ.

‘ಅದು ಕಾಯಿಲೆ’ ಎಂದಾಗ ಅಪ್ಪನಿಗೆ ಮಗ ಮಳೆಯಂತಾದ. ಮಳೆ ಬಂದರೆ ಯಾರನ್ನೂ ಬಯ್ಯುವುದಿಲ್ಲ, ಕೊಡೆ ಹಿಡಿಯುತ್ತೇವೆ. ಆ ಮನೆ ಕೊಡೆ ಹಿಡಿಯಲು ಕಲಿತುಬಿಟ್ಟಿತು. ಅವನು ಎದ್ದ ಕೂಡಲೇ ಟೀವಿ ಸದ್ದು ಇಳಿಸುವುದು, ಅವನ ತಟ್ಟೆಗೆ ಮೊದಲು ಬಡಿಸುವುದು, ಗಾಜಿನ ಲೋಟ ಎತ್ತಿಟ್ಟು ಸ್ಟೀಲಿನದು ಇಡುವುದು. ಮೇಲುನೋಟಕ್ಕೆ ಇದು ಕರುಣೆ. ಆದರೆ ಒಬ್ಬ ಹುಡುಗನನ್ನು ಮಳೆ ಎಂದುಕೊಳ್ಳುವುದಕ್ಕಿಂತ ದೊಡ್ಡ ಅವಮಾನ ಅವನಿಗೆ ಇನ್ನೊಂದಿಲ್ಲ. ‘ನಿನ್ನಿಂದ ನಾವು ಏನನ್ನೂ ನಿರೀಕ್ಷಿಸುವುದಿಲ್ಲ’ ಎಂಬ ಸಂದೇಶ ಆ ಸ್ಟೀಲಿನ ಲೋಟದಲ್ಲಿದೆ.

ಇನ್ನೊಂದು ಮಾತು. ಹುಡುಗ ಕೋಚಿಂಗ್ ಕ್ಲಾಸಿನಲ್ಲಿ ಯಾರಿಗೂ ಹೊಡೆದಿರಲಿಲ್ಲ. ವಾಚ್‌ಮನ್ ಗೇಟಿನಲ್ಲಿ ಗದರಿದರೆ ಸುಮ್ಮನಿರುತ್ತಿದ್ದ. ತಾಯಿ ಹೇಳಿದ ಒಂದು ವಿವರ ನನ್ನ ತಲೆಯಿಂದ ಹೋಗಿಲ್ಲ. ಒಮ್ಮೆ ಕುರ್ಚಿ ಎತ್ತಿ ಹಿಡಿದಿದ್ದನಂತೆ, ಆಗ ಕಾಲಿಂಗ್ ಬೆಲ್ ಆಯಿತು. ಕುರ್ಚಿ ಕೆಳಗಿಟ್ಟ, ಕೂದಲು ಸರಿಮಾಡಿಕೊಂಡ, ಬಾಗಿಲು ತೆಗೆದು, ‘ನಮಸ್ಕಾರ ಅಂಕಲ್, ಪಪ್ಪಾ ಇನ್ನೂ ಬಂದಿಲ್ಲ’ ಎಂದ. ಎರಡು ಸೆಕೆಂಡು. ಇಡೀ ದಿನ ಹೊರಗೆ ಬಿಗಿಹಿಡಿದುಕೊಂಡ ಮಕ್ಕಳು ಮನೆಗೆ ಬಂದು ಸಡಿಲಾಗುವುದುಂಟು, ಹಾಗಾಗಿ ಇದರಿಂದ ಅವನು ನಾಟಕವಾಡುತ್ತಿದ್ದ ಎಂದು ತೀರ್ಮಾನಿಸಲಾರೆ. ಆದರೂ ಆ ಸಿಟ್ಟಿಗೆ ವಿಳಾಸ ಗೊತ್ತಿತ್ತು ಎಂಬುದಂತೂ ನಿಜ.

ಸುರತ್ಕಲ್‌ನಲ್ಲಿ ಎಂಟೆಕ್ ಮಾಡುವಾಗ ಫೀಡ್‌ಬ್ಯಾಕ್ ಬಗ್ಗೆ ಓದಿದ್ದೆವು. ಮೈಕನ್ನು ಸ್ಪೀಕರಿನ ಹತ್ತಿರ ತಂದರೆ ಕೀ ಎಂದು ಕಿರುಚುತ್ತದಲ್ಲ, ಅದು. ಅಮೆರಿಕದ ಒರೆಗಾನ್‌ನಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಎಂಬ ಮನಶ್ಶಾಸ್ತ್ರಜ್ಞ ಮನೆಗಳೊಳಗೆ ನಡೆಯುವುದನ್ನು ದಶಕಗಳ ಕಾಲ ಗಮನಿಸಿ ಇದನ್ನೇ ಹೇಳಿದ. ಹುಡುಗ ಕೂಗುತ್ತಾನೆ, ತಾಯಿ ಮಣಿಯುತ್ತಾಳೆ, ಹುಡುಗನಿಗೆ ಕೂಗಿನ ಲಾಭ ಸಿಗುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಪ್ಯಾಟರ್ಸನ್ ಕಂಡ ಇನ್ನರ್ಧ ಏನೆಂದರೆ, ತಾಯಿಗೂ ಲಾಭ ಸಿಗುತ್ತದೆ: ಕೂಗು ನಿಲ್ಲುತ್ತದೆ. ಮಣಿಯುವುದಕ್ಕೆ ಅವಳಿಗೂ ತಕ್ಷಣದ ಬಹುಮಾನ. ಇಬ್ಬರೂ ಒಬ್ಬರಿಗೊಬ್ಬರು ಪಾಠ ಹೇಳಿಕೊಡುತ್ತಿದ್ದಾರೆ, ಯಾರೂ ಕೆಟ್ಟವರಾಗಬೇಕಿಲ್ಲ, ಸುತ್ತು ತಾನಾಗಿ ಬಿಗಿಯಾಗುತ್ತದೆ. ‘ಅವಳು ಸಲಿಗೆ ಕೊಟ್ಟಳು’ ಎನ್ನುವವರಿಗೆ ಈ ಅರ್ಧ ಕಾಣುವುದಿಲ್ಲ.

ಅಪ್ಪ ತಿರುಗಿ ಬಾರಿಸಬೇಕಿತ್ತು ಎಂದವರೂ ಇದ್ದರು. ಒಂದು ಸಲ ಬಾರಿಸಿದ್ದೂ ಆಯಿತು. ಬಲ ಇದ್ದವನದೇ ಗೆಲುವು ಎಂಬ ನಿಯಮವನ್ನೇ ಅದು ಮತ್ತೆ ಕಲಿಸಿತು. ಹುಡುಗ ಆಗಲೇ ಅಪ್ಪನಿಗಿಂತ ಎರಡು ಇಂಚು ಎತ್ತರ. ಆ ನಿಯಮದಲ್ಲಿ ಇನ್ನು ಮೂರು ವರ್ಷಕ್ಕೆ ಸೋಲುವವರು ಯಾರೆಂದು ಹೇಳಲು ಎಂಟೆಕ್ ಬೇಕಿಲ್ಲ.

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯನ್ನು ನಾವು ನಗುತ್ತಾ ಹೇಳುತ್ತೇವೆ. ಮಹಾಭಾರತ ಅದನ್ನು ನಗದೆ ಹೇಳಿದೆ. ಧೃತರಾಷ್ಟ್ರನಿಗೆ ಎಲ್ಲ ಗೊತ್ತಿತ್ತು. ಮಗನ ಒಂದೊಂದು ಕೆಲಸಕ್ಕೂ ಅವನು ಒಳಗೇ ನೊಂದ, ಹೊರಗೆ ಸುಮ್ಮನಿದ್ದ. ವಿದುರನ ಸಲಹೆ ಇನ್ನೊಂದು ತುದಿ: ಕುಲ ಉಳಿಯಬೇಕಾದರೆ ಆ ಒಬ್ಬನನ್ನು ಬಿಟ್ಟುಬಿಡು. ನಮ್ಮ ಕುಟುಂಬಗಳೂ ಹೆಚ್ಚಾಗಿ ಈ ಎರಡರ ನಡುವೆಯೇ ತೂಗಾಡುತ್ತವೆ. ಇಂದು ಮುಚ್ಚಿಡುವುದು, ನಾಳೆ ತಡೆಯಲಾರದೆ ‘ನೀನು ನಮ್ಮ ಪಾಲಿಗೆ ಸತ್ತೆ’ ಎನ್ನುವುದು. ಗಾಂಧಾರಿಯನ್ನು ನಾವು ಕಣ್ಣುಬಟ್ಟೆಯಿಂದ ಮಾತ್ರ ನೆನೆಯುತ್ತೇವೆ. ಆದರೆ ಉದ್ಯೋಗಪರ್ವದಲ್ಲಿ ಅವಳನ್ನು ಸಭೆಗೆ ಕರೆಸುತ್ತಾರೆ. ತುಂಬಿದ ಸಭೆಯಲ್ಲಿ ಅವಳು ಮೊದಲು ಗಂಡನಿಗೆ ಹೇಳುತ್ತಾಳೆ, ಗೊತ್ತಿದ್ದೂ ಮಗನ ಹಿಂದೆ ಹೋದದ್ದು ನಿನ್ನದೇ ತಪ್ಪು ಎಂದು. ಆಮೇಲೆ ಮಗನಿಗೆ ಹೇಳುತ್ತಾಳೆ. ಯುದ್ಧದ ಹೊತ್ತಿಗೆ ಅವನು ಆಶೀರ್ವಾದ ಕೇಳಿದಾಗಲೂ ಗೆಲುವನ್ನು ಧರ್ಮದ ಪಾಲಿಗೆ ಬಿಟ್ಟಳೇ ಹೊರತು ಮಗನ ಹೆಸರಿಗೆ ಬರೆದುಕೊಡಲಿಲ್ಲ. ಅವನು ಸತ್ತಾಗ ಅವನ ಹೆಣದ ಮೇಲೆ ಬಿದ್ದು ಅತ್ತವಳೂ ಅವಳೇ. ಮಗನನ್ನು ಬಿಡದೆ, ಮಗ ಮಾಡಿದ್ದನ್ನು ಒಪ್ಪದೆ ಇರುವ ಜಾಗವೊಂದಿದೆ ಎಂಬುದಕ್ಕೆ ನನಗೆ ಗೊತ್ತಿರುವ ಅತ್ಯಂತ ಹಳೆಯ ಸಾಕ್ಷಿ ಅದು. ಅವಳು ಅಲ್ಲಿಗೆ ಬಂದದ್ದು ತಡವಾಗಿ, ಅದು ಬೇರೆ ಮಾತು.

ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಆ ತಾಯಿ ನನ್ನ ಹೆಂಡತಿಯ ಹತ್ತಿರ ಹೇಳಿದ ಮಾತು: ‘ನನ್ನ ಮಗ ನನಗ ಹೊಡದಾನ, ನಾನು ಕ್ಷಮಿಸೇನಿ. ಇದರಾಗ ಬ್ಯಾರೇದವ್ರದು ಏನೈತ್ರೀ?’ ತಳ್ಳಿಹಾಕುವಂಥ ಮಾತಲ್ಲ ಇದು. ಪೆಟ್ಟು ಅವಳ ಮೈಮೇಲಿನದು, ಕ್ಷಮೆ ಅವಳ ಸೊತ್ತು. ಯಾವ ನ್ಯಾಯಶಾಸ್ತ್ರವೂ ತಾಯಿಗೆ ‘ನೀನು ಕ್ಷಮಿಸಬಾರದು’ ಎನ್ನಲಾರದು.

ಆದರೆ ಆ ಮನೆಯಲ್ಲಿ ಇನ್ನೊಬ್ಬಳಿದ್ದಾಳೆ. ಅವಳಿಗೆ ಹನ್ನೆರಡು ವರ್ಷ. ಅಣ್ಣ ಅವಳ ಜಡೆ ಹಿಡಿದೆಳೆದದ್ದು ಎರಡು ಸಲ, ಪುಸ್ತಕ ಹರಿದದ್ದು ಲೆಕ್ಕಕ್ಕಿಲ್ಲ. ಅಮ್ಮನ ಮೇಲೆ ಕೈ ಎತ್ತಿದ್ದನ್ನು ನೋಡಿದ್ದೂ ಒಂದು ಪೆಟ್ಟೇ. ‘ಅಣ್ಣಂದು ಯಾರಿಗೂ ಹೇಳಬ್ಯಾಡ’ ಎಂದು ಅವಳಿಗೆ ಆಣೆ ಮಾಡಿಸಲಾಗಿತ್ತು. ಅಂದರೆ ತಾಯಿ ಕ್ಷಮಿಸುತ್ತಿದ್ದದ್ದು ತನಗಾದ ಪೆಟ್ಟನ್ನಷ್ಟೇ ಅಲ್ಲ. ಮಗಳ ಪಾಲಿನ ಕ್ಷಮೆಯನ್ನೂ ಅವಳ ಜೇಬಿನಿಂದ ತೆಗೆದು ಮಗನಿಗೆ ಕೊಡುತ್ತಿದ್ದಳು, ಮಗಳನ್ನು ಕೇಳದೆ. ಇನ್ನೊಬ್ಬರ ಪರವಾಗಿ ನಾವು ದುಡ್ಡು ಕೊಡಬಹುದು, ಕ್ಷಮೆ ಕೊಡಲಾಗದು. ತಾಯಿಯ ಹೃದಯ ದೊಡ್ಡದೆಂದು ಹೊಗಳುವಾಗ ಆ ಹೃದಯದ ಖರ್ಚು ಯಾರ ಖಾತೆಯಿಂದ ಹೋಗುತ್ತಿದೆ ಎಂದು ನಾವು ನೋಡುವುದಿಲ್ಲ. ಹೆಚ್ಚಾಗಿ ಅದು ಮನೆಯ ಅತಿ ಚಿಕ್ಕ, ಅತಿ ಮೌನದ ಜೀವದ ಖಾತೆ. ಹೆಚ್ಚಾಗಿ ಹೆಣ್ಣು.

ಮಗನ ಕಡೆಯಿಂದಲೂ ನೋಡೋಣ. ಆದದ್ದು ಆಗಿಯೇ ಇಲ್ಲ ಎಂದು ಇಡೀ ಮನೆ ನಟಿಸುವಾಗ ಅವನಿಗೆ ಸಿಕ್ಕದ್ದು ಕ್ಷಮೆಯೇ? ಕ್ಷಮೆ ಕೊಡಬೇಕಾದರೆ ಮೊದಲು ‘ನೀನು ಹೀಗೆ ಮಾಡಿದೆ’ ಎಂದು ಹೇಳಬೇಕು. ಹೇಳದೆ ಕೊಟ್ಟದ್ದು ಮರೆವು. ಮರೆವಿನಲ್ಲಿ ಅವನಿಗೆ ಪಶ್ಚಾತ್ತಾಪ ಪಡುವ ಜಾಗವೂ ಇಲ್ಲ. ಬೆಳಿಗ್ಗೆ ಎದ್ದರೆ ಬಿಸಿ ದೋಸೆ ಸಿದ್ಧವಾಗಿದೆ, ಅಮ್ಮ ತುಂಬುತೋಳಿನ ಕುರ್ತಾದಲ್ಲಿ ನಗುತ್ತಿದ್ದಾಳೆ. ಅವನಾದರೂ ಎಲ್ಲಿಂದ ಶುರುಮಾಡಬೇಕು? ಎಷ್ಟೋ ತಿಂಗಳ ಮೇಲೆ ಅವನೇ ನನಗೆ ಹೇಳಿದ, ಆ ದೋಸೆ ನೋಡಿದರೆ ತನಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು ಎಂದು.

ಹಾಗಾದರೆ ಹೇಳಬೇಕು. ಯಾರಿಗೆ, ಎಷ್ಟು, ಹೇಗೆ? ಇಸ್ರೇಲಿನ ಮನಶ್ಶಾಸ್ತ್ರಜ್ಞ ಹೈಮ್ ಓಮರ್ ಇಂಥ ಮನೆಗಳಿಗಾಗಿ ಒಂದು ಕ್ರಮವನ್ನು ರೂಪಿಸಿದ್ದಾನೆ. 2004ರಲ್ಲಿ ಇಂಗ್ಲಿಷಿನಲ್ಲಿ ಬಂದ ಅವನ ಪುಸ್ತಕದ ಹೆಸರಿನಲ್ಲೇ ಅಹಿಂಸಾತ್ಮಕ ಪ್ರತಿರೋಧ ಎಂಬ ಮಾತಿದೆ. ಪ್ರೇರಣೆ ಗಾಂಧಿ ಮತ್ತು ಮಾರ್ಟಿನ್ ಲೂಥರ್ ಕಿಂಗ್. ಸತ್ಯಾಗ್ರಹ ಟೆಲ್ ಅವಿವ್ ಸುತ್ತಿ ನಮ್ಮ ಟೂ ಬಿಎಚ್‌ಕೆಗೆ ವಾಪಸ್ಸು ಬಂದದ್ದು ನೋಡಿ ನನಗೆ ತಮಾಷೆ ಎನಿಸಿತ್ತು. ಅವನ ಕ್ರಮದ ತಿರುಳು ಇಷ್ಟು: ತಂದೆತಾಯಿ ಹೊಡೆಯುವುದಿಲ್ಲ, ಬೆದರಿಸುವುದಿಲ್ಲ, ಮಣಿಯುವುದೂ ಇಲ್ಲ. ಕಬ್ಬಿಣ ಕಾದಾಗ ಬಡಿ ಎನ್ನುತ್ತದೆ ನಮ್ಮ ಗಾದೆ, ಓಮರ್ ತಣ್ಣಗಾದ ಮೇಲೆ ಬಡಿ ಎನ್ನುತ್ತಾನೆ. ಜಗಳದ ಹೊತ್ತಿನಲ್ಲಿ ವಾದ ಬೇಡ. ಮರುದಿನ ಶಾಂತವಾದಾಗ ಅವನ ಕೋಣೆಗೆ ಹೋಗಿ ಸುಮ್ಮನೆ ಕೂತು, ‘ನಿನ್ನೆ ಆದದ್ದು ಮತ್ತೆ ಆಗಬಾರದು, ನೀನೇ ಒಂದು ದಾರಿ ಹೇಳುವವರೆಗೆ ಕೂತಿರುತ್ತೇವೆ’ ಎನ್ನುವುದು. ಎಲ್ಲಕ್ಕಿಂತ ಮುಖ್ಯವಾಗಿ ಗುಟ್ಟು ಒಡೆಯುವುದು, ನಂಬಿಗಸ್ತರನ್ನು ಮನೆಯೊಳಗೆ ಕರೆಯುವುದು.

ಈ ಕೊನೆಯದರಲ್ಲೇ ನಮ್ಮಂಥ ವಲಸಿಗರು ಸೋಲುವುದು. ಊರಲ್ಲಾಗಿದ್ದರೆ ಸೋದರಮಾವನೊಬ್ಬ ಸಂಜೆ ಬಂದು ಕಟ್ಟೆಯ ಮೇಲೆ ಕೂರುತ್ತಿದ್ದ. ಪಕ್ಕದ ಮನೆಯ ಗೋಡೆ ತೆಳುವಾಗಿತ್ತು, ಕೂಗು ಕೇಳುತ್ತಿತ್ತು. ಊರನ್ನು ನಾನು ಸುಮ್ಮನೆ ವೈಭವೀಕರಿಸುವುದಿಲ್ಲ, ಅದೇ ತೆಳು ಗೋಡೆಯ ಹಿಂದೆ ಎಷ್ಟೋ ಹೆಂಗಸರು ಪೆಟ್ಟು ತಿಂದದ್ದನ್ನು ಊರೆಲ್ಲ ಕೇಳಿಸಿಕೊಂಡು ಸುಮ್ಮನಿತ್ತು. ಆದರೆ ಇಲ್ಲಿ ಕೇಳಿಸುವುದೂ ಇಲ್ಲ. ಹದಿನಾಲ್ಕನೆಯ ಮಹಡಿ, ಯುಪಿವಿಸಿ ಕಿಟಕಿ. ವರ್ಷಕ್ಕೆರಡು ಸಲ ಕನ್ನಡ ಸಂಘದಲ್ಲಿ ಸೇರಿದಾಗ ಮಕ್ಕಳ ಪರ್ಸೆಂಟೇಜು, ಊರಿನ ಸೈಟಿನ ರೇಟು ಬಿಟ್ಟು ಏನು ಮಾತಾಡುತ್ತೇವೆ?

ಆ ತಂದೆತಾಯಿ ಆರು ಜನರನ್ನು ಆರಿಸಿದರು. ರಾಣೆಬೆನ್ನೂರಿನಲ್ಲಿರುವ ಸೋದರಮಾವ, ಎದುರು ಮನೆಯ ಮರಾಠಿ ಕಾಕೂ, ಅಪ್ಪನ ಬೆಳಗಾವಿಯ ಗೆಳೆಯ, ಹುಡುಗ ಇಷ್ಟಪಡುತ್ತಿದ್ದ ಹಳೆಯ ಕ್ರಿಕೆಟ್ ಕೋಚ್, ಮತ್ತೆ ನಾವಿಬ್ಬರು. ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಪ್ಪ ಒಂದು ಹಾಳೆ ಓದಿದರು: ಈ ಮನೆಯಲ್ಲಿ ಏನೇನಾಯಿತು, ಇನ್ನು ಅದನ್ನು ಮುಚ್ಚಿಡುವುದಿಲ್ಲ, ಯಾರ್‍ಯಾರಿಗೆ ಹೇಳಿದ್ದೇವೆ, ನಿನಗೆ ಹೊಡೆಯುವುದಿಲ್ಲ, ನಿನ್ನನ್ನು ಬಿಡುವುದೂ ಇಲ್ಲ. ಹುಡುಗ ಹಾಳೆ ಹರಿದ. ‘ನನ್ನ ಮರ್ಯಾದೆ ತೆಗೆದ್ರಿ’ ಎಂದು ಕೂಗಿದ.

ಅವನ ಆ ಆರೋಪವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಹದಿನಾರರ ಹುಡುಗನಿಗೂ ಮಾನವಿದೆ. ಅವನ ಕೆಟ್ಟ ದಿನಗಳು ಊರವರ ಬಾಯಿಗೆ ಎಲೆಯಡಿಕೆಯಾಗಬಾರದು. ಸಾಕ್ಷಿಗೂ ಸುದ್ದಿಗೂ ಇರುವ ಅಂತರ ಇಲ್ಲಿ ಜೀವನ್ಮರಣದ್ದು. ಸುದ್ದಿ ಅವನ ಬೆನ್ನ ಹಿಂದೆ ತಿರುಗುತ್ತದೆ, ಸಾಕ್ಷಿ ಅವನ ಎದುರಿಗೆ ಬಂದು ಕೂರುತ್ತದೆ. ಸುದ್ದಿ ‘ಆ ಹುಡುಗ ರೌಡಿ’ ಎನ್ನುತ್ತದೆ. ಸಾಕ್ಷಿ ‘ಬುಧವಾರ ರಾತ್ರಿ ನೀನು ಅಮ್ಮನ ಕೈ ತಿರುವಿದೆ’ ಎನ್ನುತ್ತದೆ, ಅದಕ್ಕಿಂತ ಒಂದಕ್ಷರ ಹೆಚ್ಚಿಲ್ಲ. ಕೇಳಿದವರು ಅವನನ್ನೂ ಪ್ರೀತಿಸುವವರಾಗಿರಬೇಕು, ತಮಗೆ ಗೊತ್ತಿದೆ ಎಂಬುದನ್ನು ಅವನಿಗೆ ತಿಳಿಸಬೇಕು. ಹೀಗಿಲ್ಲದಿದ್ದರೆ ಗುಟ್ಟು ಒಡೆಯುವುದಕ್ಕಿಂತ ಇಟ್ಟುಕೊಳ್ಳುವುದೇ ಮೇಲು. ಸೋದರಮಾವ ಅವನಿಗೆ ಕಳಿಸಿದ ಮೆಸೇಜು ಸಾಕ್ಷಿಯ ಭಾಷೆಯಲ್ಲಿತ್ತು: ‘ನೀ ಅಕ್ಕಗ ಹೊಡದದ್ದು ಗೊತ್ತಾತು. ಭಾಳ ಬ್ಯಾಸರಾತು. ಶನಿವಾರ ಬರ್ತೀನಿ, ನಿನ್ನ ಸಂಗಟ ಎರಡು ದಿನ ಇರ್ತೀನಿ.’ ಬಂದ, ಇದ್ದ, ಬೈಯಲಿಲ್ಲ. ಇಬ್ಬರೂ ಬಸ್ಸಿನಲ್ಲಿ ಸಿಂಹಗಡಕ್ಕೆ ಹೋಗಿ ಬಂದರು.

ಪೊಲೀಸರ ವಿಷಯಕ್ಕೂ ಬರಬೇಕು, ಏಕೆಂದರೆ ನಮ್ಮ ವರ್ಗದ ಭಯ ಅಲ್ಲೇ ಇದೆ. ಮುಂದೆ ಪಾಸ್‌ಪೋರ್ಟು, ವೀಸಾ, ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಏನಾದೀತು ಎಂದು. ಕಾನೂನು ನಾವು ಊಹಿಸುವಷ್ಟು ಕುರುಡಲ್ಲ. 2015ರ ಬಾಲನ್ಯಾಯ ಕಾಯ್ದೆ ಮತ್ತು ಅದರ 2016ರ ಮಾದರಿ ನಿಯಮಗಳ ಪ್ರಕಾರ, ಏಳು ವರ್ಷ ಅಥವಾ ಹೆಚ್ಚಿನ ಕನಿಷ್ಠ ಶಿಕ್ಷೆಯ ಘೋರ ಅಪರಾಧ ಅಲ್ಲದಿದ್ದರೆ ಸಾಮಾನ್ಯವಾಗಿ ಹದಿನೆಂಟರೊಳಗಿನ ಮಗುವಿನ ಮೇಲೆ ಎಫ್‌ಐಆರ್ ಹಾಕುವುದಿಲ್ಲ, ಠಾಣೆಯ ದಿನಚರಿಯಲ್ಲಿ ಬರೆದುಕೊಳ್ಳುತ್ತಾರೆ. ಲಾಕಪ್ಪಿಗೆ ಹಾಕುವಂತಿಲ್ಲ, ಬೇಡಿ ತೊಡಿಸುವಂತಿಲ್ಲ, ಹೆಸರು ಪ್ರಕಟಿಸುವಂತಿಲ್ಲ. ಮುಂದಿನ ಬದುಕಿಗೆ ಕಳಂಕವಾಗಿ ಉಳಿಯದಂತೆ ದಾಖಲೆ ಅಳಿಸುವ ಏರ್ಪಾಡೂ ಇದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ‘ವಯಸ್ಕ ಪುರುಷ’ನ ವಿರುದ್ಧ ಮಾತ್ರ ದೂರು ಎಂದಿತ್ತು. 2016ರ ಅಕ್ಟೋಬರಿನಲ್ಲಿ ಹೀರಲ್ ಹರ್ಸೋರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ಎರಡೂ ಪದಗಳನ್ನು ತೆಗೆದುಹಾಕಿತು. ಹದಿನಾರು ಹದಿನೇಳರ ಹುಡುಗನೂ ಇಂಥ ಹಿಂಸೆಯಲ್ಲಿ ಪಾಲುಗಾರನಾಗಬಹುದು ಎಂಬುದನ್ನು ನ್ಯಾಯಾಲಯ ಉದಾಹರಣೆಯಾಗಿಯೇ ಹೇಳಿದೆ. ಹಾಗಾಗಿ ಜೀವಕ್ಕೆ ಅಪಾಯ ಎನಿಸಿದ ರಾತ್ರಿ 112ಕ್ಕೆ ಫೋನ್ ಮಾಡಿದ ತಾಯಿ ಮಗನ ಭವಿಷ್ಯ ಹಾಳುಮಾಡಿದಳು ಎಂದು ಯಾರೂ ಹೇಳಕೂಡದು. ಅವನ ಕೈಯಿಂದ ಅದಕ್ಕಿಂತ ದೊಡ್ಡದೊಂದು ಆಗದಂತೆ ತಡೆದಿರಬಹುದು. ಅದರಾಚೆಗೆ, ಪೊಲೀಸರು ಮೊದಲ ಬಾಗಿಲಲ್ಲ ಎಂದೇ ನನ್ನ ಅಭಿಪ್ರಾಯ. ಮಕ್ಕಳಿಗಾಗಿ 1098 ಇದೆ, 2022ರಿಂದ ಟೆಲಿ ಮಾನಸ್‌ನ 14416 ಇದೆ, ಅದರಲ್ಲಿ ಭಾಷೆ ಆರಿಸಿಕೊಳ್ಳಬಹುದು.

‘ಊರಿಗೆ ಕಳಿಸಿಬಿಡಿ, ಹೊಲದಾಗ ದುಡದ್ರ ಸರಿಹೋಗ್ತಾನ’ ಎಂಬ ಸಲಹೆಯೂ ಬಂತು. ಕೆಲವು ವಾರ ದೂರವಿರುವುದು ಎಲ್ಲರಿಗೂ ಉಸಿರು ಕೊಡಬಹುದು. ಆದರೆ ಅಜ್ಜಿಗೆ ಎಪ್ಪತ್ತೆರಡು ವರ್ಷ. ಆರಡಿಯ ಹುಡುಗನನ್ನು ಏನಾಗಿದೆ ಎಂದು ಹೇಳದೆಯೇ ಎಪ್ಪತ್ತೆರಡರ ಹೆಂಗಸಿನ ಮನೆಗೆ ಸಾಗಿಸುವುದನ್ನು ಪರಿಹಾರ ಎನ್ನುವುದು ಹೇಗೆ? ನಮ್ಮ ಪ್ರಾಜೆಕ್ಟುಗಳಲ್ಲಿ ಬಗ್ ಇನ್ನೊಂದು ಟೀಮಿಗೆ ಅಸೈನ್ ಮಾಡಿ ಡ್ಯಾಶ್‌ಬೋರ್ಡು ಹಸಿರು ಮಾಡಿಕೊಳ್ಳುವವರ ನೆನಪಾಯಿತು.

ಆ ಹಾಳೆ ಓದಿ ಈಗ ಒಂದೂವರೆ ವರ್ಷ. ಮೊದಲ ತಿಂಗಳು ಇನ್ನೂ ಕೆಟ್ಟದಾಗಿತ್ತು, ಬಾತ್‌ರೂಮಿನ ಚಿಲಕವೂ ಮುರಿಯಿತು. ಆ ರಾತ್ರಿ ಎದುರು ಮನೆಯ ಕಾಕೂ ಬಂದು, ಏನೂ ಮಾತಾಡದೆ, ಸೋಫಾದ ಮೇಲೆ ಕೂತು ಹನ್ನೆರಡರವರೆಗೆ ಸ್ವೆಟರ್ ಹೆಣೆದರು. ಆಮೇಲೆ ಹೊಡೆತ ನಿಂತಿತು, ಕೂಗಾಟ ನಿಲ್ಲಲಿಲ್ಲ. ಚಿಕಿತ್ಸೆ ನಡೆದಿದೆ. ಜೆಇಇ ಬಿಟ್ಟಿದ್ದಾನೆ. ಬಾಗಿಲಿನ ದುಡ್ಡನ್ನು ಬೇಸಿಗೆಯಲ್ಲಿ ಅಂಗಡಿಯೊಂದರಲ್ಲಿ ಕೆಲಸ ಮಾಡಿ ಅರ್ಧ ತೀರಿಸಿದ. ಅಮ್ಮನ ಹತ್ತಿರ ಒಮ್ಮೆ ಕ್ಷಮೆ ಕೇಳಿದ, ಅಡುಗೆಮನೆಯಲ್ಲಿ, ಬೆನ್ನು ತಿರುಗಿಸಿಕೊಂಡು. ತಂಗಿಯ ಹತ್ತಿರವೂ ಕೇಳಿದ. ಅವಳು ಹೂಂ ಎನ್ನಲೂ ಇಲ್ಲ, ಊಹೂಂ ಎನ್ನಲೂ ಇಲ್ಲ, ಕೋಣೆಯ ಬಾಗಿಲು ಹಾಕಿಕೊಂಡಳು. ಆ ಬಾಗಿಲಿಗೆ ಒಳಗಿನಿಂದ ಗಟ್ಟಿ ಚಿಲಕ ಹಾಕಿಸಿದ್ದು ಅಪ್ಪ.

ಈ ಸಲ ಪಂಚಮಿಗೆ ಅವಳು ಅಮ್ಮನ ಜೊತೆ ಊರಿಗೆ ಹೋಗಿದ್ದಳು. ನಮ್ಮ ಕಡೆ ಅದು ಅಣ್ಣ ತಂಗಿಯರ ಹಬ್ಬ, ಉಂಡಿ, ಜೋಕಾಲಿ. ಹುಡುಗ ಪುಣೆಯಿಂದ ಫೋನ್ ಮಾಡಿ, ತಾನೂ ಹೊರಟು ಬರಲೇ ಎಂದು ಕೇಳಿದ. ‘ನಿನ್ನ ತಂಗೀನ್ನ ಕೇಳಿ ಹೇಳ್ತೀನಿ’ ಎಂದರು ಅಮ್ಮ. ಪಡಸಾಲೆಯಲ್ಲಿ ಉಂಡಿ ಕಟ್ಟುತ್ತಿದ್ದ ಅಜ್ಜಿ, ‘ಅಣ್ಣಗ ಬ್ಯಾಡ ಅಂತಾರೇನ, ಹೂಂ ಅನ್ನು’ ಎಂದು ಮೊಮ್ಮಗಳಿಗೆ ಕಣ್ಣುಸನ್ನೆ ಮಾಡಿದರಂತೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, ‘ಈ ವರ್ಷ ಬ್ಯಾಡ. ಮುಂದಿನ ವರ್ಷ ನೋಡೂಣು’ ಎಂದಳು. ಅಮ್ಮ ಅದಕ್ಕೆ ಸಕ್ಕರೆ ಸೇರಿಸದೆ, ಅದೇ ಮಾತನ್ನು ಮಗನಿಗೆ ಹೇಳಿದರು. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಆಮೇಲೆ, ‘ಆತು’ ಎಂದ.